ಚಾಯ್ಸ್ ನಾಲ್ಕು

ಮಲ್ಪೆ ಬಸ್‌ಸ್ಟ್ಯಾಂಡಿನ ಎದುರು ನನ್ನ ಜೆರಾಕ್ಸ್ ಅಂಗಡಿ.
ಸೋಣದ ಮೊದಲ ವಾರ, ಬೋಟು ಇಳಿದು ಹದಿನೈದು ದಿನ,
ಹೊರಗೆ ಬಂಗುಡೆಯ ವಾಸನೆ, ಒಳಗೆ ಟೋನರಿನದ್ದು.
ರಾತ್ರಿ ಹನ್ನೊಂದೂ ಐದು.
ಹನ್ನೆರಡಕ್ಕೆ ಸರ್ಕಾರದ ಕಿಟಕಿ ಮುಚ್ಚುತ್ತದೆ.

ಸ್ಟೂಲಿನ ಮೇಲೆ ಪ್ರಾಪ್ತಿ ತಿಂಗಳಾಯ,
ಹಿಂದೆ ಅವಳಮ್ಮ ಜಲಜಕ್ಕ.
ಕೂತ್ಕೊಳ್ಳಿ ಅಂದರೆ, "ಬೇಡ, ಸೀರೆ ಒದ್ದೆ."

ಪರದೆಯಲ್ಲಿ ಸಿಕ್ಕಿದ ಸೀಟು: ಮೆಕ್ಯಾನಿಕಲ್,
ಘಟ್ಟದ ಬುಡದ ಒಂದು ಕಾಲೇಜು.
ಕೆಳಗೆ ನಾಲ್ಕು ಗುಂಡಿ.
ಒಂದು, ಒಪ್ಪಿದೆ, ದುಡ್ಡು ಕಟ್ಟುತ್ತೇನೆ.
ಎರಡು, ಒಪ್ಪಿದೆ, ಆದರೂ ಇನ್ನೊಂದು ಸುತ್ತು ನೋಡುತ್ತೇನೆ.
ಮೂರು, ಒಪ್ಪಲಿಲ್ಲ, ಆದರೂ ಇರುತ್ತೇನೆ.
ನಾಲ್ಕು, ಹೊರಡುತ್ತೇನೆ.
ಈ ಹತ್ತು ವರ್ಷದಲ್ಲಿ ನನ್ನ ಕೈಯಿಂದ ನಾಲ್ಕು ಒತ್ತಿಸಿದವರು
ಮೆಡಿಕಲ್ ಸಿಕ್ಕಿದವರು ಮಾತ್ರ.

ಅವಳ ಮಡಿಲಲ್ಲಿ ಪ್ಲಾಸ್ಟಿಕ್ ಕವರು,
ಕವರಿನೊಳಗೆ ಉಡುಪಿಯ ಕಾಲೇಜಿನ ಬಿಎಸ್ಸಿ ಅರ್ಜಿ,
ನೀಲಿ ಶಾಯಿಯಲ್ಲಿ ತುಂಬಿ ಆಗಿದೆ.
ಅಲ್ಲಿ ಸಾಲಿಲ್ಲ, ಸುತ್ತಿಲ್ಲ.
ಸೀಟು ಖಾಲಿ ಉಂಟು.

"ಕಿಣಿ ಮಾಮ್, ಒಂದು ಕೇಳ್ಲಾ?
ಪಪ್ಪನ ಪ್ಲಾಂಟಿನಲ್ಲಿ ಐಸಿನ ದಿಮ್ಮಿ ಉಂಟಲ್ಲ,
ಬದಿಯೆಲ್ಲ ಕನ್ನಡಿ, ನಡುವೆ ಮಾತ್ರ ಬಿಳಿ. ಯಾಕೆ?"
ಆರು ವರ್ಷದವಳಿದ್ದಾಗ ಅಪ್ಪನನ್ನು ಕೇಳಿದ್ದಳಂತೆ.
"ಬಿಳಿ ಅಲ್ಲದೆ ಮತ್ತೆಂತ, ಕೆಂಪಾಗಬೇಕಾ?" ಅಂದಿದ್ದರಂತೆ ವಾಮನಣ್ಣ.

ನನಗೆ ಗೊತ್ತು.
ಉಪ್ಪುನೀರಿನ ತೊಟ್ಟಿಯಲ್ಲಿ ತಗಡಿನ ಡಬ್ಬಿ,
ಚಳಿ ಅಂಚಿನಿಂದ ಬರುತ್ತದೆ,
ಹೆಪ್ಪುಗಟ್ಟುವ ನೀರು ತನ್ನೊಳಗಿನ ಗಾಳಿಯನ್ನು
ಒಳಕ್ಕೆ ಒಳಕ್ಕೆ ದೂಡಿ,
ಕೊನೆಗೆ ದೂಡಲು ಜಾಗ ಸಾಲದೆ
ನಡುವಿನಲ್ಲೇ ಹಿಡಿದಿಡುತ್ತದೆ.
ತೊಂಬತ್ತಮೂರರ ಬಿಎಸ್ಸಿ ನಾನು, ಸೆಕೆಂಡ್ ಕ್ಲಾಸು.
ಬಾಯಿ ತೆರೆದವನು ಮುಚ್ಚಿಕೊಂಡೆ.
ಹೇಳಿಬಿಟ್ಟರೆ ಅವಳಿಗೆ ಉಳಿಯುವುದೇನು?

ಜಲಜಕ್ಕ ಅಂದರು,
"ಇವರೂ ಬಿಎಸ್ಸಿಯೇ ಅಲ್ವಾ ಮಗಾ."
ವ್ಯಂಗ್ಯ ಇರಲಿಲ್ಲ.
ಗಿರಾಕಿಗೆ ಮೀನಿನ ಕಿವಿರು ಎತ್ತಿ ತೋರಿಸುತ್ತಾರಲ್ಲ, ಹಾಗೆ.
ಲ್ಯಾಮಿನೇಷನ್ ಯಂತ್ರ
ಯಾರದೋ ಆಧಾರ್ ಕಾರ್ಡನ್ನು ಮೆಲ್ಲಗೆ ಹೊರಗೆ ನೂಕಿತು.

ಹೋದ ವರ್ಷ ಪ್ಲಾಂಟಿನಲ್ಲಿ ಅಮೋನಿಯ ಸೋರಿದಾಗ
ಎಲ್ಲರೂ ಕಡಲಿನ ಕಡೆ ಓಡಿದರು.
ಬೈಕಂಪಾಡಿಯಿಂದ ಒಬ್ಬ ಬಂದ,
ಮುಖಕ್ಕೆ ಮಾಸ್ಕು ಬಿಗಿದು ಒಳಗೆ ಹೋದ,
ಹತ್ತು ನಿಮಿಷ.
"ಯಾವ ತಿರುಪು ಅಂತ ಅವನಿಗೆ ಗೊತ್ತಿತ್ತು,"
ವಾಮನಣ್ಣ ಈಗಲೂ ದೇವರ ಸುದ್ದಿಯ ಹಾಗೆ ಹೇಳುತ್ತಾರೆ.
ಜಲಜಕ್ಕನಿಗೆ ಇಂಜಿನಿಯರಿಂಗ್ ಅಂದರೆ
ಒಳಗೆ ಹೋಗಿ ಜೀವಂತ ಹೊರಗೆ ಬಂದ ಆ ಒಬ್ಬ ಹುಡುಗ.
ತಪ್ಪು ಹೇಗೆ ಅನ್ನಲಿ?

"ಅವನನ್ನೂ ಕೇಳಿದ್ದೆ," ಪ್ರಾಪ್ತಿ ಪರದೆಗೆ ಹೇಳಿದಳು,
"ನಡುವೆ ಬಿಳಿ ಯಾಕೆ ಅಂತ.
ಕರಗಿದ ಮೇಲೆ ಎಲ್ಲ ಒಂದೇ ಅಂದ."

ಹನ್ನೊಂದೂ ನಲವತ್ತು.
ಸರ್ವರ್ ತಿರುಗುತ್ತಿದೆ, ತಿರುಗುತ್ತಿದೆ.
ಜಲಜಕ್ಕ ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿದರು,
ಮತ್ತೆ ಗಂಟು ಹಾಕಿದರು.
"ನೀನೇ ಒತ್ತು. ನಾಳೆ ನನಗೆ ಹೇಳ್ಬೇಡ."
ಹೇಳಿ ರಸ್ತೆಯ ಕಡೆ ತಿರುಗಿ ನಿಂತರು.
ಬೆನ್ನು ಮಾತ್ರ ಕಿವಿಗೊಟ್ಟಿತ್ತು.

ಇಲಿಯನ್ನು ನಾನು ಅವಳ ಕಡೆ ಸರಿಸಿದೆ.
ಅವಳು ಒತ್ತಿದಳು.

ಒಟಿಪಿ ಹೋದದ್ದು ಅಪ್ಪನ ಫೋನಿಗೆ.
ವಾಮನಣ್ಣನಿಗೆ ನೈಟ್ ಡ್ಯೂಟಿ. ಕರೆ ಹಚ್ಚಿದರೆ
ಮೊದಲು ಬಂದದ್ದು ಕಂಪ್ರೆಸರಿನ ಗುಡುಗು,
ಆಮೇಲೆ ದಿಮ್ಮಿ ಜಾರಿ ಬಿದ್ದ ಸದ್ದು,
ಆಮೇಲೆ ಅವರು, ಅಂಕೆ ಅಂಕೆ ಬಿಡಿಸಿ,
ಕೂಗಿ ಕೂಗಿ:
"ಒಂಬತ್ತು. ಸೊನ್ನೆ. ಏಳು. ಏಳು. ಎರಡು. ಒಂದು.
ಆಯ್ತಾ? ಎಷ್ಟು ಒತ್ತಿದ್ದು?"

"ನಾಲ್ಕು ಪಪ್ಪಾ."

"ಹಾಂ?"

"ನಾಲ್ಕು!"

ಸ್ವಲ್ಪ ಹೊತ್ತು ಬರೀ ಯಂತ್ರ.
"ಸರಿಯಾಗಿ ನೋಡು ಮಗಾ,
ಇದರಲ್ಲಿ ನಾಲ್ಕು ಇಲ್ವಲ್ಲ."